ಪರದೆಯ ಮೇಲೆ ಮೂಡಿದ ಹೆಸರು

ಅವರು ಯಾರನ್ನಾದರೂ ಕ್ಷಮಿಸಿದ್ದನ್ನು ನಾನು ಕಂಡಿಲ್ಲ. ತೀರಿಕೊಂಡವರ ಬಗ್ಗೆ ಬರೆಯುವಾಗ ಹೀಗೆ ಶುರುಮಾಡಬಾರದೇನೋ. ಆದರೆ ಮಳವಳ್ಳಿಯಲ್ಲಿ ಅವರ ಮಣ್ಣು ಮುಗಿಸಿಕೊಂಡು ಬಂದಾಗಿನಿಂದ, "ಬಹಳ ಶಾಂತ ಸ್ವಭಾವದವರು, ಯಾರಿಗೂ ಕೇಡು ಬಯಸಿದವರಲ್ಲ" ಎಂದು ಕಂಡಕಂಡವರೆಲ್ಲ ಹೇಳುವುದನ್ನು ಕೇಳಿ ಕೇಳಿ ನನಗೆ ರೇಗಿಹೋಗಿದೆ. ಅವರು ಶಾಂತ ಸ್ವಭಾವದವರಾಗಿರಲಿಲ್ಲ. ದನಿ ಎತ್ತುತ್ತಿರಲಿಲ್ಲ, ಅಷ್ಟೇ. ಕೇಡು ಬಯಸಬೇಕೆನಿಸಿದವರಿಗೆ ಮನಸಾರೆ ಬಯಸುತ್ತಿದ್ದರು.

ಹೆಸರು ಬರೆಯುತ್ತಿಲ್ಲ. ಬರೆದರೆ ಇನ್ನೊಬ್ಬರ ಹೆಸರೂ ತಾನಾಗಿ ಹೊರಬೀಳುತ್ತದೆ. ಆ ಮನುಷ್ಯನಿಗೆ ನನ್ನ ಕೈಯಿಂದ ಪ್ರಚಾರ ಸಿಗುವುದು ಬೇಡ. ಮೇಡಂ ಎಂದೇ ಕರೆಯುತ್ತೇನೆ. ಮದ್ದೂರಿನ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಅವರು ಕಂಪ್ಯೂಟರ್ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದರು. ಅತಿಥಿ ಎಂಬ ಮಾತು ಕೇಳಲು ಚೆನ್ನ. ಪ್ರತಿವರ್ಷ ಕಾಲೇಜು ಶುರುವಾಗುವಾಗ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವುದು ಆ ಅತಿಥಿಯ ಕೆಲಸ. ಕರೆಯುವುದು, ಬಿಡುವುದು ವಿಭಾಗದ ಮುಖ್ಯಸ್ಥರ ಕೈಯಲ್ಲಿರುತ್ತಿತ್ತು.

ಮೊದಲು ವಡೆಯ ವಿಷಯ ಹೇಳಬೇಕು. ಮದ್ದೂರಿನಲ್ಲಿ ಅಷ್ಟು ವರ್ಷ ದುಡಿದವರು ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿಗೆ ಮಾತ್ರ ಕಾಲಿಡುತ್ತಿರಲಿಲ್ಲ. ಊರಿಗೆಲ್ಲ ಅಲ್ಲಿಯ ವಡೆಯೇ ರುಚಿ. ಯಾವತ್ತೋ ಒಂದು ದಿನ ಅವರು ಒಬ್ಬರೇ ಕೂತು ತಿನ್ನುತ್ತಿದ್ದಾಗ, ಕಾರಿನಲ್ಲಿ ಬಂದಿಳಿದ ಒಂದು ಕುಟುಂಬಕ್ಕೆ ಜಾಗ ಮಾಡಿಕೊಡಲು ಮಾಲೀಕ, "ನೀವೊಬ್ರೇ ಅಲ್ವಾ ಮೇಡಂ, ಆ ಕಡೆ ನಿಂತ್ಕಂಡು ತಿನ್ನಿ" ಎಂದಿದ್ದನಂತೆ. ಮೇಡಂ ತಟ್ಟೆಯನ್ನು ಹಾಗೇ ಬಿಟ್ಟು ಎದ್ದು ಬಂದರು. ಆಮೇಲೆ ಸ್ಟಾಫ್ ರೂಮಿಗೆ ಯಾರು ವಡೆ ತಂದರೂ ಮೊದಲು ಕೇಳುತ್ತಿದ್ದದ್ದು, "ಯಾವ ಹೋಟ್ಲುದು?" ಆ ಹೋಟೆಲಿನದಾದರೆ ಪೊಟ್ಟಣದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮಾಲೀಕ ತೀರಿಕೊಂಡು ಅವನ ಮಗ ಗಲ್ಲಾದಲ್ಲಿ ಕೂತ ಮೇಲೂ ಅದೇ.

"ಮಗ ಏನ್ ಮಾಡಿದಾನೆ ಮೇಡಂ, ಪಾಪ" ಎಂದೆ ಒಮ್ಮೆ.

"ಅವ್ರಪ್ಪನ ಹೋಟ್ಲು ತಗಂಡ ಅಲ್ವಾ? ಇದನ್ನೂ ತಗಳ್ಳಿ ಬುಡು" ಎಂದರು.

ಬಸ್ಸಿನದೂ ಒಂದಿದೆ. ಮಳವಳ್ಳಿಯಿಂದ ದಿನಾ ಬರುತ್ತಿದ್ದರಲ್ಲ, ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಹೊಸದರಲ್ಲಿ ಒಬ್ಬ ಕಂಡಕ್ಟರ್ ತುಂಬಿದ ಬಸ್ಸಿನಲ್ಲಿ, "ಪುಗಸಟ್ಟೆ ಅಂತ ದಿನಾ ಊರ್ ಸುತ್ತಕ್ಕೆ ಒಂಟವ್ರೆ" ಎಂದ. ಅದು ಇವರಿಗೇ ಅಂದದ್ದೋ ಒಟ್ಟಾರೆ ಅಂದದ್ದೋ ಗೊತ್ತಿಲ್ಲ. ಅಂದಿನಿಂದ ಬಸ್ಸು ಬಂದು ನಿಂತರೆ ಮೊದಲು ಬಾಗಿಲಿನ ಹತ್ತಿರ ಬಗ್ಗಿ ಒಳಗಿನ ಮುಖ ನೋಡುವುದು. ಅವನಿದ್ದರೆ ಹತ್ತದೆ ಹಿಂದೆ ಬರುವ ಬಸ್ಸಿಗೆ ಕಾಯುವುದು. ಬಿಸಿಲಿರಲಿ, ಮಳೆಯಿರಲಿ. ಕೊನೆಗೆ ಆ ಕಂಡಕ್ಟರೇ ಇಳಿದು ಬಂದು, "ತಪ್ಪಾಯ್ತು ಕಣಮ್ಮ, ಬಸ್ ಅತ್ತು" ಎಂದನಂತೆ. ಇವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಅವತ್ತು ಅಷ್ಟ್ ಜನದ ಮುಂದೆ ಅಂದ್ರಲ್ಲ. ಇವತ್ತು ಒಬ್ಬಳ ಕಿವೀಲಿ ಯಾಕ್ ಹೇಳ್ತಿದೀರಿ?" ಎಂದು ಕೇಳಿದರು. ಅವನು ಹತ್ತಿ ಸೀಟಿ ಊದಿದ. ಮೇಡಂ ಹಿಂದಿನ ಬಸ್ಸಿಗೇ ಬಂದರು.

ಕನ್ನಡಕ ತೆಗೆದು ಒರೆಸುವುದು ಅವರ ಸಿಟ್ಟಿನ ಗುರುತು. ಹುಡುಗರಿಗೂ ಅದು ಗೊತ್ತಿತ್ತು. ಕುಳ್ಳಗೆ, ದಪ್ಪ ಜಡೆಯ ಹೆಂಗಸು. ಕಾಟನ್ ಸೀರೆಯ ನೆರಿಗೆ ಒಂದಿಷ್ಟೂ ಆಚೀಚೆ ಆಗುತ್ತಿರಲಿಲ್ಲ. ಲ್ಯಾಬಿನಲ್ಲಿ ಸಾಲುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತ, ಯಾವನ ಹಿಂದೆ ನಿಂತರೂ ಅವನ ಬೆರಳು ಕೀಲಿಗಳ ಮೇಲೆ ತಡವರಿಸುವ ಹಾಗೆ ಮಾಡುತ್ತಿದ್ದರು.

ಅವರು ಪೈಥಾನ್ ಕಲಿಸುತ್ತಿದ್ದರು. ಅದರಲ್ಲಿ ಒಂದು ಪಾಠದ ಮೇಲೆ ಅವರಿಗೆ ಎಲ್ಲಿಲ್ಲದ ಹಟ. ಕಂಪ್ಯೂಟರಿನಲ್ಲಿ ಒಂದು ಫೈಲು ಎಲ್ಲಿದೆ ಎಂದು ಪ್ರೋಗ್ರಾಮಿಗೆ ತಿಳಿಸಲು ಎರಡು ಬಗೆಯಿದೆ. ಸಿ ಡ್ರೈವ್‌ನಿಂದ ಶುರುಮಾಡಿ, ಅದರೊಳಗೆ ಬಳಕೆದಾರನ ಹೆಸರಿನ ಫೋಲ್ಡರು, ಅದರೊಳಗೆ ಮತ್ತೊಂದು, ಹೀಗೆ ಬುಡದಿಂದ ತುದಿಯವರೆಗೆ ಪೂರ್ತಿ ವಿಳಾಸ ಬರೆಯುವುದು ಒಂದು ಬಗೆ. "ನಾನಿರುವ ಜಾಗದಿಂದ ಪಕ್ಕದ ಫೋಲ್ಡರಿಗೆ ಹೋಗು" ಎಂದು ಹತ್ತಿರದ ದಾರಿ ಹೇಳುವುದು ಇನ್ನೊಂದು. ಪೂರ್ತಿ ವಿಳಾಸ ಬರೆದ ಪ್ರೋಗ್ರಾಮು ಬರೆದವನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಬೇರೆಯವರ ಕಂಪ್ಯೂಟರಿಗೆ ಹಾಕಿದರೆ ಅಲ್ಲಿ ಆ ಹೆಸರಿನ ಬಳಕೆದಾರನೇ ಇರುವುದಿಲ್ಲ. ದಾರಿ ಸಿಗದೆ ನಿಂತುಬಿಡುತ್ತದೆ.

ಹುಡುಗನೊಬ್ಬ ಪೂರ್ತಿ ವಿಳಾಸ ಬರೆದ ಪ್ರೋಗ್ರಾಮು ತಂದರೆ ಮೇಡಂ ಬಾಯಿಮಾತಿನಲ್ಲಿ ತಿದ್ದುತ್ತಿರಲಿಲ್ಲ. ಅದನ್ನು ಪೆನ್‌ಡ್ರೈವಿಗೆ ಹಾಕಿಸಿ, ಬೇರೆ ಸಾಲಿನ ಬೇರೆ ಕಂಪ್ಯೂಟರಿನಲ್ಲಿ ಎಲ್ಲರೆದುರು ಓಡಿಸುತ್ತಿದ್ದರು. ಪರದೆ ತುಂಬ ತಪ್ಪಿನ ಸಾಲುಗಳು.

"ನಮ್ಮನೇಲಿ ಓಡ್ತಿತ್ತು ಮೇಡಂ."

"ನಿಮ್ಮನೇಲಿ ಓಡ್ದೆ ಇನ್ನೇನು? ನೆಂಟ್ರ ಮನೇಲೂ ಉಣ್ಬೇಕು ಕಣ್ಲಾ ಅದು. ಅಲ್ಲೋಗಿ ಉಪವಾಸ ಬಿದ್ರೆ ಯಾವ್ ಸುಖಕ್ಕೆ?"

ಆಮೇಲೆ ಅವನ ಮಾರ್ಕ್ಸು ಕಟ್. ಬೇಡಿದರೂ ಇಲ್ಲ, ಅತ್ತರೂ ಇಲ್ಲ.

ನನಗೂ ಅವರೇ ಕಲಿಸಿದ್ದು. ಹಲಗೂರು ಕಡೆಯ ಅಜ್ಜಿಯರು ಹಾಡಿದ ಸೋಬಾನೆ ಪದಗಳನ್ನು ನಾನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದೆ. ಒಂದಕ್ಕೂ ಸರಿಯಾದ ಹೆಸರಿಲ್ಲ, ಬರೀ ಅಂಕಿಗಳು. ಯಾವುದು ಯಾರ ದನಿ ಎಂದು ಪ್ರತಿಸಲವೂ ಹಾಕಿ ಕೇಳಬೇಕು. ಊರೂರಿನ ಫೋಲ್ಡರಿಗೆ ಅವನ್ನು ವಿಂಗಡಿಸಿ ಹೆಸರಿಡುವ ಸಣ್ಣ ಪ್ರೋಗ್ರಾಮು ಬರೆಯಲು ಮೇಡಂ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಮಾರನೇ ದಿನ ನಾನೇ ಓಡಿಸಿದರೆ, ಅಂಥ ಫೈಲೇ ಇಲ್ಲ ಎಂದಿತು.

"ಇಲ್ಲೇ ಪಕ್ಕದಲ್ಲೇ ಇದೆ ಮೇಡಂ, ಕಣ್ಣಿಗೆ ಕಾಣ್ತಿದೆ!" ಎಂದೆ.

"ಯಾರ ಪಕ್ಕದಲ್ಲಿ?"

ನಾನು ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ.

"ನೀನು ಯಾವ ಫೋಲ್ಡರಲ್ಲಿ ನಿಂತ್ಕಂಡು ಇದನ್ನ ಓಡಿಸ್ತಿದೀಯ ನೋಡು. ಮಂಡ್ಯದಲ್ಲಿ ನಿಂತ್ಕಂಡು ಎಡಕ್ಕೆ ತಿರುಗಿದ್ರೆ ಮದ್ದೂರ್ ಪೋಸ್ಟಾಫೀಸು ಸಿಗುತ್ತಾ? ನೀನಿರೋ ಜಾಗ ನಂಬ್ಕೋಬೇಡ ಕಣೇ. ನೀನೆಲ್ಲಿದೀಯಪ್ಪಾ ಅಂತ ಪ್ರೋಗ್ರಾಮನ್ನೇ ಕೇಳು. ಅದು ಹೇಳೋ ಜಾಗದಿಂದ ದಾರಿ ಹಿಡಿ. ಆಗ ಎಲ್ಲಿಗೆ ಎತ್ಕಂಡೋದ್ರೂ ತಪ್ಪಲ್ಲ."

ಅದನ್ನು ಹಾಗೆ ಕೇಳುವುದಕ್ಕೆ ಪೈಥಾನಿನಲ್ಲಿ ಒಂದು ಪದ ಇದೆ. ಅದನ್ನು ನನ್ನ ಕೈಯಲ್ಲಿ ಮತ್ತೆ ಮತ್ತೆ ಬರೆಸಿದರು. ಇವತ್ತಿಗೂ ನನ್ನ ಅಜ್ಜಿಯರ ಹಾಡುಗಳು ಅವರವರ ಊರಿನ ಫೋಲ್ಡರಿನಲ್ಲಿ ತಪ್ಪದೆ ಸಿಗುತ್ತವೆ.

ಯಾರನ್ನೂ ಕ್ಷಮಿಸದ ಇಷ್ಟು ಹಟ ಎಲ್ಲಿಂದ ಬಂತು ಎಂದು ನನಗೆ ತಿಳಿದದ್ದು ತಡವಾಗಿ. ಅವರ ತಂದೆ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದವರು. ಇವರು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ತಂದೆ ಸೇವೆಯಲ್ಲಿರುವಾಗಲೇ ತೀರಿಕೊಂಡರು. ಮನೆಯ ಒಬ್ಬರಿಗೆ ಅನುಕಂಪದ ಮೇಲೆ ನೌಕರಿ ಸಿಗುವುದಿತ್ತು. ದೊಡ್ಡವರು ಇವರು, ಓದಿದ್ದವರೂ ಇವರು. ತಮ್ಮ ಇನ್ನೂ ಪಿಯುಸಿ ಪಾಸಾಗಲು ಒದ್ದಾಡುತ್ತಿದ್ದ. ಆದರೆ ತಿಥಿಗೆ ಬಂದ ನೆಂಟರೆಲ್ಲ ಕೂಡಿ, "ಎಣ್ಣೆಂಗ್ಸು, ನಾಳೆ ಕೊಟ್ಟ ಮನೆಗ್ ಓಯ್ತಾಳೆ. ಗಂಡುಡುಗನ್ಗೆ ಆಗ್ಲಿ" ಎಂದು ತೀರ್ಮಾನಿಸಿದರು. ತಾಯಿ ತಲೆತಗ್ಗಿಸಿ ಕೂತಿದ್ದರು. ತಮ್ಮ, "ನಂಗೆ ಬೇಡ, ಅಕ್ಕನಿಗೆ ಕೊಡ್ಲಿ" ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮೇಡಂ ಸುಮ್ಮನೆ ರುಜು ಹಾಕಿಕೊಟ್ಟರು. ಅಂದಿನಿಂದ ತಮ್ಮನ ಜೊತೆ ಮಾತಿಲ್ಲ. ಕೊಟ್ಟ ಮನೆಗೂ ಅವರು ಹೋಗಲಿಲ್ಲ. ಮದುವೆಯ ಮಾತೆತ್ತಿದವರನ್ನೆಲ್ಲ ಬಾಗಿಲಿಂದಲೇ ಕಳಿಸಿದರು. ತಾಯಿಯನ್ನು ಕರೆದುಕೊಂಡು ಮಳವಳ್ಳಿಯಲ್ಲಿ ಮನೆ ಮಾಡಿ, ಆಕೆಯ ಕೊನೆಯವರೆಗೂ ನೋಡಿಕೊಂಡರು.

"ಅವತ್ತು ನಾನು ಕಿರುಚ್ಬೇಕಿತ್ತು" ಎಂದರು ಒಮ್ಮೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು. "ಒಳ್ಳೆವ್ಳು ಅನ್ನಿಸ್ಕಳಕ್ಕೆ ಸುಮ್ನಿದ್ದೆ. ಒಳ್ಳೆವ್ಳು ಅಂತ ಒಬ್ರೂ ಅನ್ಲಿಲ್ಲ ಕಣೇ."

ಇನ್ನು ಸೊಪ್ಪಿನ ಪ್ರೋಗ್ರಾಮಿನ ಕತೆ. ನಮ್ಮ ಕಡೆ ರೇಷ್ಮೆ ಬೆಳೆಯುವವರು ಹಿಪ್ಪುನೇರಳೆ ಎಲೆಯನ್ನು ಸೊಪ್ಪು ಎಂದೇ ಕರೆಯುವುದು. ಸೊಪ್ಪಿಗೆ ರೋಗ ಬಿದ್ದದ್ದು ತಿಳಿಯದೆ ಹುಳುವಿಗೆ ಹಾಕಿದರೆ ಇಡೀ ಬೆಳೆ ಕೈಬಿಟ್ಟಂತೆ. ಮೇಡಂ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಭಾನುವಾರಗಳಲ್ಲಿ ಪೂರಿಗಾಲಿ, ಹಲಗೂರು ಸುತ್ತಿನ ತೋಟಗಳಿಗೆ ಹೋಗಿ, ಬೂದಿ ರೋಗದ ಎಲೆ, ತುಕ್ಕು ಹಿಡಿದ ಎಲೆ, ಚುಕ್ಕೆ ಬಿದ್ದ ಎಲೆ, ಚೆನ್ನಾಗಿರುವ ಎಲೆ ಎಂದು ರಾಶಿಗಟ್ಟಲೆ ಫೋಟೋ ತೆಗೆಸಿದರು. ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ತೋಟದ ಸಾಲಿನಲ್ಲಿ ಬಗ್ಗಿ ಎಲೆಯ ಹಿಂಬದಿ ತಿರುಗಿಸಿ ನೋಡುತ್ತಿದ್ದ ಅವರನ್ನು ರೈತರು ಸರ್ಕಾರದ ಕಡೆಯವರೆಂದೇ ತಿಳಿದಿದ್ದರು. ಒಂದು ಎಲೆಯ ಫೋಟೋ ಕೊಟ್ಟರೆ, ಕೂಡಿಟ್ಟ ಫೋಟೋಗಳ ಜೊತೆ ಹೋಲಿಸಿ ಇಂಥ ರೋಗ ಎಂದು ಹೇಳುವ ಪ್ರೋಗ್ರಾಮನ್ನು ಅವರು ಬರೆದರು. ಬರೆದು, ಅಳಿಸಿ, ಮತ್ತೆ ಬರೆದು, ಎರಡು ಬೇಸಿಗೆ ರಜೆಗಳನ್ನು ಅದಕ್ಕೇ ಸುರಿದರು.

ವಿಭಾಗದ ಮುಖ್ಯಸ್ಥರು ಆಗಾಗ ಬಂದು ನೋಡಿ, "ಗುಡ್, ಗುಡ್" ಎಂದು ಹೋಗುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರಟು, ಜೇಬಿನಲ್ಲಿ ಎರಡು ಪೆನ್ನು, ಯಾರ ಹೆಸರನ್ನೂ ಸರಿಯಾಗಿ ನೆನಪಿಟ್ಟುಕೊಳ್ಳದ ಒಂದು ದೊಡ್ಡತನ. ಪ್ರೋಗ್ರಾಮು ಮುಗಿಯುತ್ತಿದ್ದಂತೆ ಅವರು ರೈತರಿಗೆ ಒಂದು ಕಾರ್ಯಾಗಾರ ಏರ್ಪಡಿಸಿದರು. ವಿಶ್ವವಿದ್ಯಾಲಯದಿಂದ ದೊಡ್ಡವರೊಬ್ಬರು ಬರುವವರಿದ್ದರು. ಆಹ್ವಾನ ಪತ್ರಿಕೆ ಅಚ್ಚಾಗಿ ಬಂತು. ಪ್ರೋಗ್ರಾಮನ್ನು ರೂಪಿಸಿದವರು ಎಂಬ ಕಡೆ ಮುಖ್ಯಸ್ಥರ ಹೆಸರೊಂದೇ ಇತ್ತು. ಮೇಡಂ ಹೆಸರು ಎಲ್ಲೂ ಇಲ್ಲ. ವಂದನಾರ್ಪಣೆಯ ಸಾಲಿನಲ್ಲೂ ಇಲ್ಲ.

ಸ್ಟಾಫ್ ರೂಮಿನಲ್ಲಿ ನಾನೇ ಅದನ್ನು ಅವರ ಕೈಗೆ ಕೊಟ್ಟೆ. ಓದಿದರು. ತಿರುಗಿಸಿ ಹಿಂಬದಿಯನ್ನೂ ನೋಡಿದರು. ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. ನನಗೇ ತಡೆಯಲಾಗಲಿಲ್ಲ.

"ಪ್ರಿನ್ಸಿಪಾಲರ ಹತ್ರ ಹೋಗೋಣ ನಡೀರಿ ಮೇಡಂ. ನಾನೂ ಬರ್ತೀನಿ."

"ಏನಂತ?"

"ನೀವು ಬರೆದದ್ದು ಅಂತ."

"ಅವರು ಆ ಮನುಷ್ಯನ್ನ ಕರೆಸ್ತಾರೆ. ಮೇಡಂ ಬರೀ ಟೈಪ್ ಮಾಡಿದ್ರು, ಐಡಿಯಾ ನಂದು ಅಂತಾನೆ ಅವನು. ಮುಂದಿನ ವರ್ಷ ಬರ್ಬೇಡಿ ಅಂತಾನೆ ನಂಗೆ. ನಾಲ್ಕು ಗೋಡೆ ಮಧ್ಯೆ ಮುಗಿದೋಗುತ್ತೆ." ಕನ್ನಡಕ ಹಾಕಿಕೊಂಡರು. "ಇದು ನಾನು ಬರೆದದ್ದಲ್ಲ ಅಂತ ಅವನ ಬಾಯಲ್ಲೇ ಬರ್ಬೇಕು. ಜನದ ಮುಂದೆ ಬರ್ಬೇಕು. ನೀನು ಕಾಫಿ ತರಿಸ್ತಿರು, ಲ್ಯಾಬಲ್ಲಿ ಒಂದು ಸಾಲು ತಿದ್ದಿ ಬರ್ತೀನಿ."

ಬಂದು ಕಾಫಿ ಕುಡಿದರು. ಎಂದಿಗಿಂತ ಹಗುರಾಗಿ ಮಾತಾಡಿದರು. ನನಗೆ ಏನೂ ಹೊಳೆಯಲಿಲ್ಲ.

ಕಾರ್ಯಾಗಾರದ ಹಿಂದಿನ ದಿನ ಮುಖ್ಯಸ್ಥರು ಲ್ಯಾಬಿಗೆ ಬಂದು, ಮೇಡಂ ದಿನಾ ಕೂರುತ್ತಿದ್ದ ಕಂಪ್ಯೂಟರಿನಲ್ಲಿ ಪ್ರೋಗ್ರಾಮನ್ನು ಓಡಿಸಿ ನೋಡಿದರು. ಲಕ್ಷಣವಾಗಿ ಓಡಿತು. ಫೋಟೋಗಳ ಸಮೇತ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಂಡರು. ಆಗ ಮೇಡಂ, ನಾನು ಕೇಳುವ ಹಾಗೆಯೇ, "ಸಾರ್, ಸಭಾಂಗಣದ ಲ್ಯಾಪ್‌ಟಾಪಲ್ಲಿ ಒಂದ್ಸಲ ಓಡಿಸಿ ನೋಡ್ಕಳಿ. ಬೇರೆ ಮಿಷನ್ ಅಲ್ವಾ" ಎಂದರು. ಎಚ್ಚರಿಕೆ ಕೊಡಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

"ಅದರ ಚಿಂತೆ ನಿಮಗೆ ಬೇಡ" ಎಂದರು ಅವರು, ತಿರುಗಿ ನೋಡದೆ. "ನಾಳೆ ನೀವು ಊಟದ ಕೂಪನ್ ನೋಡಿಕೊಳ್ಳಿ."

ಮಾರನೇ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ರೈತರು, ಕೆಲವರ ಕೈಯಲ್ಲಿ ತೋಟದಿಂದ ಮುರಿದು ತಂದ ಹಿಪ್ಪುನೇರಳೆ ರೆಂಬೆ. ಹಿಂದೆ ವಿದ್ಯಾರ್ಥಿಗಳು. ವೇದಿಕೆಯ ಮೇಲೆ ವಿಶ್ವವಿದ್ಯಾಲಯದ ಅತಿಥಿ. ಮೇಡಂ ಕೂಪನ್ ಕಟ್ಟು ಹಿಡಿದು ಊಟದ ಮನೆಯ ಕಡೆಯ ಬಾಗಿಲಿನಲ್ಲಿ ನಿಂತಿದ್ದರು. ನಾನು ಅವರ ಪಕ್ಕದಲ್ಲಿದ್ದೆ. ಮುಖ್ಯಸ್ಥರು ಬಹಳ ಹೊತ್ತು ಮಾತಾಡಿದರು. ಹಗಲಿರುಳು ನಿದ್ದೆಗೆಟ್ಟು ಇದನ್ನು ರೂಪಿಸಿದೆ ಎಂದರು. ಆಮೇಲೆ ಮುಂದೆ ಕೂತಿದ್ದ ಪೂರಿಗಾಲಿಯ ರೈತರೊಬ್ಬರಿಂದ ಒಂದು ಎಲೆ ಇಸಿದುಕೊಂಡು, ಫೋಟೋ ತೆಗೆಸಿ, ಲ್ಯಾಪ್‌ಟಾಪಿಗೆ ಹಾಕಿ, ಗುಂಡಿ ಒತ್ತಿದರು.

ದೊಡ್ಡ ಪರದೆಯ ಮೇಲೆ ಕಪ್ಪು ಕಿಟಕಿ ತೆರೆದುಕೊಂಡು ಬಿಳಿ ಸಾಲುಗಳು ಸರಸರನೆ ಬಿದ್ದವು. ಈ ದಾರಿ ಸಿಗುತ್ತಿಲ್ಲ ಎಂದು ಕೊನೆಯ ಸಾಲು. ಯಾವ ದಾರಿ ಎಂಬುದನ್ನೂ ಅದೇ ಸಾಲು ಪೂರ್ತಿಯಾಗಿ ತೋರಿಸುತ್ತಿತ್ತು: ಸಿ ಡ್ರೈವು, ಅದರೊಳಗೆ ಬಳಕೆದಾರರು, ಅದರೊಳಗೆ ಮೇಡಂ ಹೆಸರು, ಅವರ ತಂದೆಯ ಹೆಸರಿನ ಮೊದಲಕ್ಷರದ ಸಮೇತ. ಮೊಳದುದ್ದದ ಅಕ್ಷರಗಳಲ್ಲಿ.

ಹಿಂದಿನ ಸಾಲಿನಲ್ಲಿ ಯಾವನೋ ಹುಡುಗ ಆ ಹೆಸರನ್ನು ಜೋರಾಗಿ ಓದಿದ. ನಗು ಎದ್ದಿತು. ಮುಖ್ಯಸ್ಥರು ಮತ್ತೆ ಒತ್ತಿದರು. ಮತ್ತೆ ಅದೇ ಹೆಸರು. ಇನ್ನೊಮ್ಮೆ ಒತ್ತಿದರು. ಪರದೆ ತುಂಬ ಅದೇ ಹೆಸರು, ಒಂದರ ಕೆಳಗೊಂದು.

ನಾನು ಮೇಡಂ ಕಡೆ ನೋಡಿದೆ. ಪೂರ್ತಿ ವಿಳಾಸ ಬರೆದ ಮಕ್ಕಳ ಮಾರ್ಕ್ಸು ಕತ್ತರಿಸುವ ಹೆಂಗಸು. ಅವರ ಪ್ರೋಗ್ರಾಮಿನಲ್ಲಿ ಇಂಥ ಸಾಲು ಮರೆವಿನಿಂದ ಉಳಿಯಲು ಸಾಧ್ಯವೇ ಇರಲಿಲ್ಲ. ಅವರು ಕೂಪನ್‌ಗಳನ್ನು ಮಟ್ಟಸವಾಗಿ ಜೋಡಿಸುತ್ತಿದ್ದರು. ನನಗೆ ಮೈಯೆಲ್ಲ ಖುಷಿಯಾಯಿತು. ಬಚ್ಚಿಡುವುದಿಲ್ಲ.

ಎಲೆ ಕೊಟ್ಟಿದ್ದ ಪೂರಿಗಾಲಿಯವರು ಎದ್ದು ನಿಂತು ಕೇಳಿದರು. "ಸಾ, ಅದ್ಯಾರ್ ಎಸ್ರು ಅದು? ನಮ್ ತೋಟುಕ್ ಬತ್ತಿದ್ರಲ್ಲ, ಆ ಮೇಡಮ್ಮೋರ್ದಲ್ವಾ?"

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಸಣ್ಣ ತಾಂತ್ರಿಕ ತೊಂದರೆ."

"ಅಲ್ಲ ಸಾ, ನೀವ್ ಮಾಡಿದ್ದು ಅಂದ್ರಿ. ಎಸ್ರು ಅವ್ರುದ್ ಬತ್ತಾ ಅದಲ್ಲ?"

ಅತಿಥಿಯೂ ಈಗ ಮುಖ್ಯಸ್ಥರ ಕಡೆ ತಿರುಗಿ, "ಇದೇನಿದು?" ಎಂದರು. ಮುಖ್ಯಸ್ಥರ ಬಿಳಿ ಶರಟಿನ ಬೆನ್ನು ಒದ್ದೆಯಾಗಿತ್ತು. ಅವರಿಗೆ ಎರಡೇ ದಾರಿ. ತಾನೇ ಬರೆದದ್ದೆಂದು ಸಾಧಿಸಿದರೆ ಈ ತಪ್ಪೂ ತನ್ನದೇ ಆಗುತ್ತದೆ. ಅವರು ಇನ್ನೊಂದನ್ನು ಹಿಡಿದರು. ಮೈಕಿನಲ್ಲೇ ಹೇಳಿದರು.

"ಸರ್, ಇದು ನಾನು ಬರೆದದ್ದಲ್ಲ. ಇಲ್ಲೊಬ್ಬರು ಗೆಸ್ಟ್ ಲೆಕ್ಚರರ್ ಇದ್ದಾರೆ, ಅವರು ಬರೆದದ್ದು. ತಪ್ಪು ಅವರದು."

ಮೇಡಂ ಕೂಪನ್ ಕಟ್ಟನ್ನು ನನ್ನ ಕೈಗಿಟ್ಟರು. ನಡುದಾರಿಯಲ್ಲಿ ಅವಸರವಿಲ್ಲದೆ ನಡೆದು ವೇದಿಕೆಯ ಬುಡದಲ್ಲಿ ನಿಂತರು.

"ಇನ್ನೊಂದ್ಸಲ ಹೇಳಿ ಸಾರ್. ಹಿಂದ್ಗಡೆಯವ್ರಿಗೆ ಕೇಳಿಸ್ಲಿಲ್ಲ."

ಮುಖ್ಯಸ್ಥರು ಅವರನ್ನು ದುರುಗುಟ್ಟಿ ನೋಡಿದರು. ಮೇಡಂ ಕಾದರು. ಆ ಮನುಷ್ಯನಿಗೆ ಬೇರೆ ದಾರಿ ಇರಲಿಲ್ಲ. "ಇದನ್ನು ಬರೆದವರು ಮೇಡಂ" ಎಂದರು, ತಗ್ಗಿದ ದನಿಯಲ್ಲಿ. ಮೈಕು ಚೆನ್ನಾಗಿತ್ತು, ಎಲ್ಲರಿಗೂ ಕೇಳಿಸಿತು.

ಮೇಡಂ ಮೆಟ್ಟಿಲು ಹತ್ತಿ ಲ್ಯಾಪ್‌ಟಾಪಿನ ಮುಂದೆ ಬಗ್ಗಿದರು. ತಮ್ಮ ಹೆಸರಿದ್ದ ಆ ಉದ್ದನೆಯ ವಿಳಾಸವನ್ನು ಎಲ್ಲರೂ ನೋಡುವ ಹಾಗೆ ಅಳಿಸಿದರು. ಪ್ರೋಗ್ರಾಮು ತಾನಿರುವ ಜಾಗವನ್ನು ತಾನೇ ತಿಳಿದುಕೊಂಡು ಪಕ್ಕದ ಫೋಲ್ಡರಿಗೆ ಹೋಗುವ ಚಿಕ್ಕ ಸಾಲನ್ನು ಆ ಜಾಗದಲ್ಲಿ ಬರೆದರು. ಗುಂಡಿ ಒತ್ತಿದರು. ಪೂರಿಗಾಲಿಯವರ ಎಲೆಗೆ ತುಕ್ಕು ರೋಗ ಎಂದು ಬಂತು.

"ಅಂಗಾರೆ ಈ ಸೊಪ್ಪು ಹುಳಕ್ ಆಕ್ಬಾರ್ದೇನಮ್ಮ?" ಎಂದು ಅವರು ಕೆಳಗಿನಿಂದಲೇ ಕೇಳಿದರು.

"ಆಕ್ಬೇಡಿ ಗೌಡ್ರೆ. ಬನ್ನಿ, ಹೇಳ್ತೀನಿ."

ಆಮೇಲೆ ರೈತರೆಲ್ಲ ರೆಂಬೆ ಹಿಡಿದು ವೇದಿಕೆಗೆ ನುಗ್ಗಿದರು. ಮುಖ್ಯಸ್ಥರು ಯಾವಾಗ ಇಳಿದು ಹೋದರೋ ನಾನು ನೋಡಲಿಲ್ಲ. ಅತಿಥಿ ಕೂಡ ಗುಂಪಿನ ಹಿಂದೆ ನಿಂತು ಇಣುಕುತ್ತಿದ್ದರು.

ಸಂಜೆ ಬಸ್ ನಿಲ್ದಾಣದಲ್ಲಿ ಕೇಳಿದೆ. "ಬೇಕಂತ್ಲೇ ಬರೆದ್ರಿ ಅಲ್ವಾ ಮೇಡಂ?"

"ಹುಡುಗ್ರು ಬರೆದಿದ್ರೆ ಮಾರ್ಕ್ಸ್ ಕಟ್ ಮಾಡ್ತಿದ್ದೆ" ಎಂದರು. ಹೇಳಿ ತಾವೇ ನಕ್ಕರು. ಅವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

ಮುಂದಿನ ವರ್ಷ ಅವರನ್ನು ಕರೆಯಲಿಲ್ಲ. ಅದು ಅವರಿಗೆ ಮೊದಲೇ ಗೊತ್ತಿತ್ತು. ಮಳವಳ್ಳಿಯಲ್ಲಿ ಒಂದು ಮೆಡಿಕಲ್ ಸ್ಟೋರಿನ ಮೇಲೆ ರೂಮು ಹಿಡಿದು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡಲು ಕೂತರು. ರೈತರು ಸೊಪ್ಪು ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಕೆಳಗಿನ ಅಂಗಡಿಯವನಿಗೆ ಮೆಟ್ಟಿಲ ತುಂಬ ಎಲೆ ಉದುರುವುದೇ ತಲೆನೋವು. ಅವರು ಸುಖವಾಗಿಯೇ ಇದ್ದರು ಎಂದು ನನ್ನ ನಂಬಿಕೆ. ಮುಖ್ಯಸ್ಥರು ನಿವೃತ್ತರಾದ ದಿನ ನಾನು ಫೋನು ಮಾಡಿ ತಿಳಿಸಿದೆ. "ಹಾರ ದೊಡ್ಡದಿತ್ತಾ?" ಎಂದು ಮಾತ್ರ ಕೇಳಿದರು.

ಹೊಟ್ಟೆಯಲ್ಲಿ ಗೆಡ್ಡೆ ಎಂದು ತಿಳಿದದ್ದು ಹೋದ ವರ್ಷ. ಮಂಡ್ಯದ ಆಸ್ಪತ್ರೆಯಲ್ಲಿದ್ದಾಗ ನಾನು ದಿನಾ ಕಾಲೇಜು ಮುಗಿಸಿ ಹೋಗುತ್ತಿದ್ದೆ. ಅವರ ತಮ್ಮ ಶಿವನಸಮುದ್ರದಿಂದ ಬಂದು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದ. ಔಷಧಿ ತರುವುದು, ರಕ್ತಕ್ಕೆ ಓಡಾಡುವುದು ಎಲ್ಲ ಅವನದೇ. ಒಳಗೆ ಬರಲು ಧೈರ್ಯವಿರಲಿಲ್ಲ. ತಲೆ ಬೆಳ್ಳಗಾದ ಮನುಷ್ಯ, ಬಾಗಿಲು ತೆರೆದಾಗಲೆಲ್ಲ ಬೈಸಿಕೊಳ್ಳಲು ಬಂದವನ ಹಾಗೆ ಎದ್ದು ನಿಲ್ಲುತ್ತಿದ್ದ.

"ಕರೀಲಾ ಮೇಡಂ? ಈಗ್ಲಾದ್ರೂ ಕ್ಷಮಿಸಿಬಿಡಿ" ಎಂದೆ ಒಂದು ದಿನ.

ಕನ್ನಡಕ ಇರಲಿಲ್ಲ ಮುಖದ ಮೇಲೆ. ಒರೆಸಲು ಏನೂ ಸಿಗದೆ ಅವರ ಬೆರಳು ಹೊದಿಕೆಯ ಅಂಚನ್ನು ಹಿಡಿಯಿತು.

"ಕ್ಷಮಿಸೋದು ಅಂದ್ರೆ ಏನು ಗೊತ್ತಾ? ನೀವು ಮಾಡಿದ್ದು ಏನೂ ಅಲ್ಲ ಬುಡಿ ಅಂತ ನಾನೇ ಬರ್ಕೊಡೋದು. ಅದು ಏನೂ ಅಲ್ಲ ಅಂತ ನಾನು ಬರ್ಕೊಡಲ್ಲ ಕಣೇ."

ಆಚೆಯಿಂದ ಅವನ ಕೆಮ್ಮು ಕೇಳಿಸಿತು. ಮೇಡಂ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಿದ್ದೆ ಬಂತೆಂದುಕೊಂಡೆ.

"ಅವನು ಊಟ ಮಾಡಿದ್ನಾ?" ಎಂದರು.

ವಿಚಾರಿಸಿದೆ. ಮಾಡಿರಲಿಲ್ಲ. ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಅಕ್ಕ ಕೇಳಿದರು ಎಂದು ಹೇಳಿದ್ದಕ್ಕೆ ಅವನು ಊಟದ ತಟ್ಟೆಯ ಮುಂದೆ ಕೂತು ಅತ್ತ. ಅವರಿಬ್ಬರ ನಡುವೆ ಕೊನೆಗೂ ನಡೆದದ್ದು ಅಷ್ಟೇ. ಸಾಕಿತ್ತೋ ಇಲ್ಲವೋ ನಾನು ಹೇಳಲಾರೆ. ಮಣ್ಣು ಮಾಡುವ ದಿನ ಅವನು ಯಾರ ಮುಖವನ್ನೂ ನೋಡಲಿಲ್ಲ.

ಹೋದ ವಾರ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಅದೇ ಸಭಾಂಗಣ. ನಿವೃತ್ತ ಮುಖ್ಯಸ್ಥರನ್ನು ಹಿರಿಯರೆಂದು ಕರೆಸಿ ಮೊದಲು ಮಾತಾಡಲು ಬಿಟ್ಟರು. ಅವರು ಕರವಸ್ತ್ರ ತೆಗೆದು ಕಣ್ಣಿಗೊತ್ತಿಕೊಂಡರು. ಆಕೆ ನನ್ನ ಮಗಳಿದ್ದ ಹಾಗೆ ಎಂದರು. ಸೊಪ್ಪಿನ ಪ್ರೋಗ್ರಾಮನ್ನು ನಾನು ಪಕ್ಕದಲ್ಲಿ ಕೂತು ಬರೆಸಿದೆ, ಎಂಥ ವಿಧೇಯ ವಿದ್ಯಾರ್ಥಿನಿ, ಯಾರ ಮೇಲೂ ಹಗೆ ಇಟ್ಟುಕೊಂಡವಳಲ್ಲ ಎಂದರು. ಹೊಸದಾಗಿ ಸೇರಿದ ಮೇಷ್ಟ್ರುಗಳು ತಲೆಯಾಡಿಸಿದರು. ಅವರಲ್ಲಿ ಯಾರೂ ಆ ದಿನ ಅಲ್ಲಿದ್ದವರಲ್ಲ.

ಮುಂದಿನ ಸರದಿ ನನ್ನದು. ಅವರ ಪಾಠದ ಶಿಸ್ತಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಂಡು ಹೋಗಿದ್ದೆ. ಅದನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ಕಾರ್ಯಾಗಾರದ ದಿನ ನಡೆದದ್ದನ್ನು ಮೊದಲಿಂದ ಕೊನೆಯವರೆಗೆ, ಆಹ್ವಾನ ಪತ್ರಿಕೆಯಿಂದ ಊಟದ ಕೂಪನ್‌ವರೆಗೆ, ಒಂದನ್ನೂ ಬಿಡದೆ ಹೇಳಿದೆ. ಯಾರು ಯಾವ ಮಾತು ಆಡಿದರು ಎಂಬುದನ್ನು ಆಡಿದ ಹಾಗೇ ಹೇಳಿದೆ. ಹೇಳುವಾಗ ವೇದಿಕೆಯ ಮೇಲೆ ಕೂತವರನ್ನೇ ನೋಡುತ್ತಿದ್ದೆ. ಅವರು ಗಡಿಯಾರ ನೋಡಿದರು, ಶೂ ನೋಡಿಕೊಂಡರು. "ಮೇಡಂ ಇವರನ್ನು ಕ್ಷಮಿಸಲಿಲ್ಲ. ಅವರ ಪರವಾಗಿ ಕ್ಷಮಿಸುವ ಹಕ್ಕು ನನಗೂ ಇಲ್ಲ" ಎಂದು ಮುಗಿಸಿ ಬಂದು ಕೂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವ ಸಭೆಯೂ ಅದಲ್ಲ.

ಸಭೆ ಮುಗಿದ ಮೇಲೆ ಹೊರಗೆ ಟೀ ಇಟ್ಟಿದ್ದರು. ಆ ಮುಖ್ಯಸ್ಥರು ನನ್ನನ್ನು ಹುಡುಕಿಕೊಂಡು ಬಂದರು. ಒಂದು ಕೈಯಲ್ಲಿದ್ದ ಟೀ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಜನ ಕೇಳಬಾರದೆಂದು ದನಿ ತಗ್ಗಿಸಿದರು.

"ತೀರಿಕೊಂಡವರ ಸಭೆಯಲ್ಲಿ ಅಷ್ಟು ಕಟುವಾಗಿ ಮಾತಾಡಬಾರದಿತ್ತು ಮೇಡಂ."

"ನಾನು ಮಾತಾಡಿದ್ದು ಬದುಕಿರೋರ ಬಗ್ಗೆ ಸಾರ್" ಎಂದೆ, ಆಚೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ಅವರು ಸುತ್ತ ನಿಂತವರ ಮುಖ ನೋಡಿದರು. ಗೇಟಿನ ಕಡೆ ಹೊರಟುಹೋದರು. ಅವರ ಟೀ ಕಿಟಕಿಯ ಕಟ್ಟೆಯ ಮೇಲೆ ಹಾಗೇ ಇತ್ತು, ಇನ್ನೂ ಬಿಸಿಯಾಗಿತ್ತು. ಎತ್ತಿಕೊಂಡು ನಾನೇ ಕುಡಿದೆ.